ಸೊಂಟದ ಮೂಳೆ ಜರುಗುವುದಿಲ್ಲ

ನಾನು ಹುಡುಗನಾಗಿದ್ದಾಗ ನಮ್ಮ ಊರಿನಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಅವರನ್ನು ಕೆರೆಯಾಚೆಯ ಒಬ್ಬ ಹೆಂಗಸಿನ ಮನೆಗೆ ಕರೆದೊಯ್ಯುತ್ತಿದ್ದರು. ಆಕೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಸೊಂಟವನ್ನು ಮೂರು ಸಲ ತುಳಿದರೆ ಉಳುಕು ಬಿಡುತ್ತದೆಂಬ ನಂಬಿಕೆ ಇದ್ದಿತು. ನಮ್ಮ ತಂದೆಯವರು ಒಮ್ಮೆ ಗೊಬ್ಬರದ ಮಂಕರಿ ಎತ್ತಲು ಹೋಗಿ ಹಾಗೆಯೇ ಬಾಗಿ ನಿಂತುಬಿಟ್ಟರು. ಇಬ್ಬರು ಹಿಡಿದುಕೊಂಡು ಹೋಗಿ ಜಗಲಿಯ ಮೇಲೆ ಬೋರಲು ಮಲಗಿಸಿದರು. ಆ ತಾಯಿ ಎಡಗಾಲಿನಿಂದ ಮೆಲ್ಲಗೆ ತುಳಿದು, "ಎದ್ದೇಳಣ್ಣ, ಮೂಳೆ ಕೂತ್ಕಂತು" ಎಂದರು. ತಂದೆಯವರು ನಡೆದುಕೊಂಡೇ ಮನೆಗೆ ಬಂದರು. ಆಕೆ ಒಂದು ಬಿಡಿಗಾಸನ್ನೂ ಮುಟ್ಟಲಿಲ್ಲವೆಂಬುದು ನನಗೆ ಚೆನ್ನಾಗಿ ನೆನಪಿದೆ.

ಈ ಪ್ರಸಂಗವನ್ನು ಈಗ ಬರೆಯಲು ಕಾರಣವುಂಟು. ಅದಾದ ಅರವತ್ತು ವರ್ಷಗಳ ಮೇಲೆ, ಹವಾನಿಯಂತ್ರಿತ ಕೊಠಡಿಯೊಂದರಲ್ಲಿ, ಅದೇ ಮಾತನ್ನು ನಾನು ಹಣ ಕೊಟ್ಟು ಕೇಳಿಸಿಕೊಂಡೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ವರ್ಗವಾಗಿ ವರ್ಗವಾಗಿ ದುಡಿದವನು ನಾನು. ಕಪ್ಪುಹಲಗೆಯ ಮುಂದೆ ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲುವ ಚಾಳಿ, ಹಳ್ಳಿದಾರಿಯಲ್ಲಿ ಲೂನಾ ಗಾಡಿಯ ಕುಲುಕಾಟ, ಎರಡೂ ನನ್ನ ಪಾಲಿಗಿದ್ದವು. ಹಾಸನದಲ್ಲಿ ಬಂದು ನೆಲೆಸಿದ ಮೇಲೆ ನೋವು ಕಾಣಿಸಿಕೊಂಡಿತು. ಅದು ನಡುಬೆನ್ನಿನಲ್ಲಿರಲಿಲ್ಲ. ಪಂಚೆಯ ಕಟ್ಟಿಗಿಂತ ಕೆಳಗೆ, ಎಡಕ್ಕೆ, ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿದ್ದಿತು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ ಏಳುವುದು ಕಷ್ಟ. ಬಸ್ಸಿನ ಮೊದಲ ಮೆಟ್ಟಿಲಿಗೆ ಎಡಗಾಲಿಟ್ಟರೆ ಕಣ್ಣು ಕತ್ತಲೆ. ಮಗ್ಗುಲು ಹೊರಳುವಾಗಲಂತೂ ಉಸಿರು ಹಿಡಿದೇ ಹೊರಳಬೇಕು.

ಎಂ.ಆರ್.ಐ. ಮಾಡಿಸಿದ್ದಾಯಿತು. ಡಿಸ್ಕು ಉಬ್ಬಿದೆ ಎಂದು ಬರೆದು ಬಂದಿತು. ಮನೆಮಂದಿಯೆಲ್ಲ ಕಂಗಾಲಾದರು. ನೋವೇ ಇಲ್ಲದವರ ಬೆನ್ನುಗಳ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಅರವತ್ತು ವಯಸ್ಸಿನವರ ಪೈಕಿ ನೂರಕ್ಕೆ 69 ಜನರಲ್ಲಿ ಇಂಥದೇ ಉಬ್ಬು ಕಂಡಿದ್ದಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತಲೆಯ ನರೆಗೂದಲಿನ ಫೋಟೋ ತೆಗೆದು ತಲೆನೋವಿಗೆ ಇದೇ ಕಾರಣವೆಂದರೆ ಹೇಗಿರುತ್ತದೆಯೋ ನನ್ನ ವಿಷಯದಲ್ಲಿ ಅದೂ ಹಾಗೆಯೇ ಆಗಿದ್ದಿತು.

ಪರಿಚಿತರೊಬ್ಬರ ಮಾತಿನ ಮೇರೆಗೆ ಕೈಚಿಕಿತ್ಸೆಯ ಒಂದು ಕೇಂದ್ರಕ್ಕೆ ಹೋದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ನನ್ನ ಎರಡೂ ಹಿಮ್ಮಡಿಗಳನ್ನು ಜೋಡಿಸಿ ನೋಡಿ, "ಎಡಗಾಲು ಗಿಡ್ಡವಾಗಿದೆ, ಸೊಂಟದ ಮೂಳೆ ಜರುಗಿದೆ" ಎಂದರು. ಮಗ್ಗುಲಾಗಿ ಮಲಗಿಸಿ, ಮಂಡಿ ಮಡಿಸಿ, ತಟಕ್ಕನೆ ಒಂದು ತಿರುವು ಕೊಟ್ಟರು. ಲಟಕ್ಕೆಂದು ಸದ್ದಾಯಿತು. "ಕೂತಿತು" ಎಂದರು! ಸುಳ್ಳು ಹೇಳಬಾರದು, ಎರಡು ದಿನ ಹಾಯಾಗಿದ್ದೆ. ಮೂರನೆಯ ದಿನ ನೋವು ಮರಳಿತು. ಮತ್ತೆ ಹೋದರೆ "ಮತ್ತೆ ಜರುಗಿದೆ" ಎಂದರು. ಹೀಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳು. ಆ ಆರು ತಿಂಗಳಲ್ಲಿ ಖರ್ಚಾದ ಹಣಕ್ಕಿಂತ ನನ್ನನ್ನು ಹೆಚ್ಚು ಕೆಡಿಸಿದ್ದು ಭಯ. ಬಗ್ಗಿದರೆ ಮೂಳೆ ಜರುಗೀತೆಂದು ಬಗ್ಗುವುದನ್ನು ಬಿಟ್ಟೆ. ಮಹಾರಾಜ ಪಾರ್ಕಿನ ಬೆಳಗಿನ ನಡಿಗೆ ಬಿಟ್ಟೆ. ಮೊಮ್ಮಗಳು ಕೈಚಾಚಿ ಬಂದರೆ "ತಾತನ ಸೊಂಟ ಸರಿಯಿಲ್ಲಮ್ಮ" ಎಂದು ಹಿಂದೆ ಸರಿಯುತ್ತಿದ್ದೆ.

ಕೊನೆಗೆ ದಾರಿ ತೋರಿದವಳು ಅರಕಲಗೂಡಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು. ಫಿಸಿಯೋಥೆರಪಿ ಪದವಿ ಪಡೆದು ಇಲ್ಲಿಯೇ ವೃತ್ತಿ ಮಾಡುತ್ತಿದ್ದಾಳೆ. ಅವಳು ಮೊದಲು ಅರ್ಧ ಗಂಟೆ ಕೇಳಿಸಿಕೊಂಡಳು. ಬಳಿಕ ಐದು ರೀತಿಯಲ್ಲಿ ಪರೀಕ್ಷಿಸಿದಳು. ಅಂಗಾತ ಮಲಗಿಸಿ ಸೊಂಟದ ಮುಂದಿನ ಎರಡು ಮೂಳೆಗಳನ್ನು ಹೊರಕ್ಕೆ ಒತ್ತುವುದು, ಮಡಿಸಿದ ತೊಡೆಯ ಮೂಲಕ ಕೆಳಕ್ಕೆ ಒತ್ತುವುದು, ಒಂದು ಮಂಡಿಯನ್ನು ಎದೆಗೆ ತಂದು ಇನ್ನೊಂದು ಕಾಲನ್ನು ಮಂಚದಂಚಿನಿಂದ ಇಳಿಬಿಡುವುದು, ಮಗ್ಗುಲಲ್ಲಿ ಅದುಮುವುದು, ಬೋರಲು ಮಲಗಿಸಿ ಬೆನ್ನಿನ ಬುಡವನ್ನು ಒತ್ತುವುದು. ಇವುಗಳಲ್ಲಿ ಮೂರಾದರೂ ರೋಗಿಯ ಅದೇ ನೋವನ್ನು ಎಬ್ಬಿಸಿದರೆ ಸ್ಯಾಕ್ರೋಇಲಿಯಾಕ್ ಕೀಲಿನ ಮೇಲೆ ಅನುಮಾನ ಬಲವಾಗುತ್ತದೆ. ಒಂದೂ ಎಬ್ಬಿಸದಿದ್ದರೆ ಆ ಕೀಲನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಮಾರ್ಕ್ ಲ್ಯಾಸ್ಲೆಟ್ ಮತ್ತು ಸಂಗಡಿಗರು 2005ರಲ್ಲಿ ಈ ಪರೀಕ್ಷೆಗಳನ್ನು ಕೀಲಿಗೆ ಕೊಡುವ ಇಂಜೆಕ್ಷನ್ನಿನ ಫಲದೊಂದಿಗೆ ಹೋಲಿಸಿ ಬರೆದರು. ನನಗೆ ನಾಲ್ಕು ನೋವು ತಂದವು.

ಈ ಕೀಲು ಯಾವುದೆಂದು ಹೇಳಬೇಕು. ಬೆನ್ನುಹುರಿಯ ಕಂಬದ ಬುಡದಲ್ಲಿ ತ್ರಿಕೋನಾಕಾರದ ತ್ರಿಕಾಸ್ಥಿಯಿದೆ. ಅದರ ಎರಡು ಪಕ್ಕಗಳಲ್ಲಿ ಸೊಂಟದ ಅಗಲವಾದ ಮೂಳೆಗಳು ಬಂದು ಕೂಡುತ್ತವೆ. ಆ ಕೂಡುವ ಜಾಗವೇ ಇದು. ಮೈಯ ಮೇಲ್ಭಾಗದ ಭಾರವೆಲ್ಲ ಕಾಲಿಗೆ ಇಳಿಯುವುದು ಇದರ ಮೂಲಕ. ಬಹುಕಾಲದ ಸೊಂಟನೋವಿನಲ್ಲಿ ನೂರಕ್ಕೆ 15ರಿಂದ 30 ಇದರಿಂದ ಬರುತ್ತದೆಂದು ಅಂದಾಜು. ಬಾಸ್ಟನ್ನಿನ ಗೋಲ್ಡ್‌ತ್ವೇಟ್ ಮತ್ತು ಆಸ್ಗುಡ್ 1905ರಲ್ಲಿಯೇ ಇದರ ಕುರಿತು ಬರೆದಿದ್ದರು. 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಡಿಸ್ಕಿನ ವಿಷಯ ಹೊರತಂದ ಮೇಲೆ ಎಲ್ಲರ ದೃಷ್ಟಿ ಅತ್ತ ಹರಿದು ಈ ಕೀಲು ಮರೆಗೆ ಸಂದಿತು.

"ಹಾಗಾದರೆ ಮೂಳೆ ಎಷ್ಟು ಜರುಗಿದೆಯಮ್ಮ?" ಎಂದು ಕೇಳಿದೆ. "ಜರುಗಿಲ್ಲ ಮೇಷ್ಟ್ರೇ, ಅದು ಹಾಗೆಲ್ಲ ಜರುಗುವ ಕೀಲೇ ಅಲ್ಲ" ಎಂದಳು. ನಾನು ಒಪ್ಪಲಿಲ್ಲ. ಆಗ ಅವಳು ಎರಡು ಅಧ್ಯಯನಗಳನ್ನು ಮುಂದಿಟ್ಟಳು. ಸ್ವೀಡನ್ನಿನ ಸ್ಟುರೆಸನ್ ಮೊದಲಾದವರು ಮೂಳೆಯೊಳಗೆ ಸಣ್ಣ ಲೋಹದ ಗುಂಡುಗಳನ್ನಿಟ್ಟು ಎಕ್ಸ್‌ರೇಯಲ್ಲಿ ಅಳೆದು 1989ರಲ್ಲಿ ಬರೆದಂತೆ, ಈ ಕೀಲಿನ ತಿರುಗುವಿಕೆ ಸರಾಸರಿ 2.5 ಡಿಗ್ರಿ, ಸರಿಯುವಿಕೆ ಸರಾಸರಿ 0.7 ಮಿಲಿಮೀಟರ್. ಅಂಗೈ ಇಟ್ಟು ಗುರುತಿಸಬಲ್ಲ ಅಳತೆಯಲ್ಲ ಇದು. 1998ರಲ್ಲಿ ಟುಲ್ಬರ್ಗ್ ಮತ್ತು ಸಂಗಡಿಗರು ಹತ್ತು ರೋಗಿಗಳಲ್ಲಿ, ಲಟಕ್ಕೆನ್ನುವ ಚಿಕಿತ್ಸೆಯ ಮುಂಚೆ ಮತ್ತು ಅನಂತರ ಇದೇ ವಿಧಾನದಿಂದ ಅಳೆದರು. ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗಳು "ಸರಿಹೋಯಿತು" ಎಂದವು. ಮೂಳೆಯ ಸ್ಥಾನ ಮಾತ್ರ ಬದಲಾಗಿರಲಿಲ್ಲ. ರಸ್ತೆ ಅಪಘಾತದಲ್ಲಿ ಸೊಂಟ ಮುರಿದವರ ಮಾತು ಬೇರೆ. ಅದು ಶಸ್ತ್ರಚಿಕಿತ್ಸಕರ ಕೆಲಸ.

ಹಾಗಾದರೆ ನನಗೆ ಎರಡು ದಿನ ಹಾಯೆನಿಸಿದ್ದೇಕೆ, ನಮ್ಮ ತಂದೆಯವರು ನಡೆದು ಬಂದದ್ದೇಕೆ? ಕೈಯ ಒತ್ತಡ, ಬೆಚ್ಚನೆಯ ಸ್ಪರ್ಶ, ಭರವಸೆಯ ಮಾತು ಇವು ಬಿಗಿದ ಸ್ನಾಯುಗಳನ್ನು ಸಡಿಲಿಸಿ, ನರಮಂಡಲವು ನೋವನ್ನು ಗ್ರಹಿಸುವ ರೀತಿಯನ್ನು ಸ್ವಲ್ಪ ಕಾಲ ಮೃದುಗೊಳಿಸುತ್ತವೆ. ಇದು ಸಣ್ಣ ಉಪಕಾರವಲ್ಲ. ಅವಳೂ ಕೈಯನ್ನೇ ಬಳಸಿದಳು. ಪೃಷ್ಠದ ಸ್ನಾಯುಗಳನ್ನು ಒತ್ತಿ ಸಡಿಲಿಸಿದಳು. ನನ್ನ ಕಾಲನ್ನು ಹಿಡಿದು, ತನ್ನ ಕೈಗೆ ಎದುರಾಗಿ ಐದಾರು ಸೆಕೆಂಡು ಒತ್ತಲು ಹೇಳಿ, ಬಿಡಿಸಿ, ಮತ್ತೆ ಒತ್ತಿಸಿದಳು. ಆದರೆ ನೋವು ತಗ್ಗಿದ ಆ ಗಳಿಗೆಯಲ್ಲೇ ನನ್ನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿದಳು. ಅಂಗಾತ ಮಲಗಿ ಸೊಂಟ ಎತ್ತುವುದು, ಮಗ್ಗುಲಾಗಿ ಕಾಲೆತ್ತುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ದಿನವೂ ನಡೆಯುವುದು. ಎರಡು ತಿಂಗಳಲ್ಲಿ ನಾನು ಅವಳ ಬಳಿ ಹೋದದ್ದು ಆರೇ ಬಾರಿ. ಬರುಬರುತ್ತಾ ತನ್ನ ಅವಶ್ಯಕತೆಯನ್ನೇ ಕಡಿಮೆ ಮಾಡಿಕೊಳ್ಳುವ ಚಿಕಿತ್ಸಕಿ ಅವಳು. ಒಳ್ಳೆಯ ಉಪಾಧ್ಯಾಯರ ಲಕ್ಷಣವೂ ಅದೇ ಎಂದು ನಾವು ಟ್ರೈನಿಂಗಿನಲ್ಲಿ ಕಲಿತಿದ್ದೆವು. ಪಾಲಿಸಿದವರೆಷ್ಟೋ!

ನನ್ನ ತಕರಾರು ಕೈಚಿಕಿತ್ಸೆಯ ಮೇಲಲ್ಲ, ಅದರ ಜೊತೆಗೆ ಹೇಳುವ ಕಥೆಯ ಮೇಲೆ. ತುಳಿಯುತ್ತಿದ್ದ ಆ ತಾಯಿ ಹೇಳಿದ್ದೂ ತಪ್ಪೇ, ಆದರೆ ಆಕೆ ಒಂದೇ ಸಲ ಹೇಳಿ ಕಳುಹಿಸಿದರು. ಈಗಿನವರು ಅದನ್ನೇ ಹದಿನೈದು ದಿನಕ್ಕೊಮ್ಮೆ ಮಾರುತ್ತಾರೆ.

ಈ ಕಥೆಯಿಂದ ಹೆಚ್ಚು ನೊಂದವರು ನಮ್ಮ ಹೆಣ್ಣುಮಕ್ಕಳು. ಗರ್ಭಿಣಿಯರಲ್ಲಿ ಐವರಿಗೊಬ್ಬರಿಗೆ ಸೊಂಟದ ಬಳೆಯಂಥ ಈ ಮೂಳೆಕಟ್ಟಿನಲ್ಲಿ ನೋವು ಬರುತ್ತದೆಂದು ಯೂರೋಪಿನ ತಜ್ಞರು 2008ರಲ್ಲಿ ಬರೆದಿದ್ದಾರೆ. ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ನಮ್ಮಲ್ಲಿ ಅದನ್ನೆಲ್ಲ "ಸಿಸೇರಿಯನ್ ಸಮಯದಲ್ಲಿ ಬೆನ್ನಿಗೆ ಕೊಟ್ಟ ಸೂಜಿ" ಎಂಬ ಒಂದೇ ಲೆಕ್ಕಕ್ಕೆ ಬರೆದುಬಿಡುತ್ತಾರೆ. ವರ್ಷಗಟ್ಟಲೆ ಉಳಿಯುವ ನೋವಿಗೂ ಆ ಸೂಜಿಗೂ ಸಂಬಂಧವಿದೆಯೆಂದು ಸಂಶೋಧನೆಗಳು ತೋರಿಸಿಲ್ಲ. ಸೂಜಿಯ ಮೇಲೆ ಹೊರಿಸಿದ ಮೇಲೆ ಪರೀಕ್ಷೆಯೂ ಇಲ್ಲ, ವ್ಯಾಯಾಮವೂ ಇಲ್ಲ. ಬಾಣಂತಿಗೆ ಅಜ್ಜಿಯರು ಹಳೆಯ ಸೀರೆ ಸುತ್ತುತ್ತಿದ್ದುದು ಹೊಟ್ಟೆಗೆ. ಫಿಸಿಯೋಥೆರಪಿಯವರು ಕೊಡುವ ಪಟ್ಟಿ ಅದಕ್ಕಿಂತ ಕೆಳಗೆ, ಸೊಂಟದ ಮೂಳೆಗಳ ಸುತ್ತ ಬರುತ್ತದೆ. ಅದೂ ಕೆಲವು ಕಾಲಕ್ಕೆ ಮಾತ್ರ.

ಕೈಯನ್ನೇ ನಂಬಿ ಕೆಟ್ಟ ಒಂದು ಪ್ರಸಂಗವನ್ನೂ ಹೇಳಲೇಬೇಕು. ಚನ್ನರಾಯಪಟ್ಟಣದ ಕಡೆಯ ನನ್ನ ಶಿಷ್ಯನೊಬ್ಬ, ಇಪ್ಪತ್ತನಾಲ್ಕರ ಹುಡುಗ, ತೆಂಗಿನತೋಟದಲ್ಲಿ ದುಡಿಯುವವನು. ಬೆಳಗಿನ ಜಾವ ನೋವಿನಿಂದ ಎಚ್ಚರ. ಎದ್ದ ಮೇಲೆ ಒಂದು ಗಂಟೆ ಸೊಂಟ ಮರಗಟ್ಟಿರುತ್ತದೆ. ಕೆಲಸಕ್ಕಿಳಿದರೆ ಹಗುರ, ಮಲಗಿದರೆ ಮತ್ತೆ ಹೆಚ್ಚು. ಮೂರು ವರ್ಷ ಎಣ್ಣೆ ತಿಕ್ಕಿಸಿ, ಮೂಳೆ "ಕೂರಿಸಿ" ಕಳೆದ. ಕೊನೆಗೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ತಿಳಿಯಿತು. ಇದೇ ಕೀಲಿನಲ್ಲಿ ಉರಿಯೂತವಾಗಿ ಮೊದಲಾಗುವ ಕಾಯಿಲೆ. ಔಷಧ ಬೇಕು, ಜೊತೆಗೆ ವ್ಯಾಯಾಮ ಬೇಕು. ಹಾಗೆಯೇ ಕ್ಷಯ, ಬ್ರೂಸೆಲ್ಲಾ ರೋಗಗಳೂ ಈ ಕೀಲನ್ನು ಹಿಡಿಯಬಲ್ಲವು. ಬ್ರೂಸೆಲ್ಲಾ ಬರುವುದು ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ, ಕಾಯಿಸದ ಹಾಲಿನಿಂದ. ಮನೆಗೊಂದು ಹಸುವಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯಬಾರದು. ಜ್ವರ, ತೂಕ ಇಳಿಯುವುದು, ರಾತ್ರಿಯ ನೋವು, ಮಲಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರು, ಆಮೇಲೆ ಕೈಚಿಕಿತ್ಸೆ.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ಸೊಂಟನೋವಿನವರು ಮೂವತ್ತು, ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಹತ್ತು ನಿಮಿಷ ಕೈ ಮುಟ್ಟಿಸಿಕೊಂಡು ಅದೇ ಬಸ್ಸಿನಲ್ಲಿ ಹಿಂದಿರುಗುವುದು ಯಾವ ಚಿಕಿತ್ಸೆ? ಹೊಳೆನರಸೀಪುರದಲ್ಲಿ ಬಗ್ಗಿ ಭತ್ತದ ಪೈರು ನೆಡುವವರು, ಅರಕಲಗೂಡಿನಲ್ಲಿ ಆಲೂಗಡ್ಡೆ ಆಯುವವರು, ಚನ್ನರಾಯಪಟ್ಟಣದಲ್ಲಿ ನೆಟ್ಟ ಹಾರೆಗೆ ಕಾಯಿ ಕುಟ್ಟಿ ಸುಲಿಯುವವರು ಇರುವಲ್ಲಿಗೇ ಪದವಿ ಪಡೆದ ಫಿಸಿಯೋಥೆರಪಿಸ್ಟರು ವಾರಕ್ಕೆರಡು ದಿನವಾದರೂ ಹೋಗಿ, ಊರಿನ ಹೆಂಗಸರನ್ನು ಕೂಡಿಸಿ ವ್ಯಾಯಾಮ ಕಲಿಸುವಂತಾಗಬೇಕು. ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯನ್ನು ಸಂಸತ್ತು 2021ರಲ್ಲಿ ಅಂಗೀಕರಿಸಿತು, ಫಿಸಿಯೋಥೆರಪಿಯೂ ಅದರೊಳಗಿದೆ. ಬೋರ್ಡು ಯಾರು ಬೇಕಾದರೂ ಬರೆಸಬಹುದು. ಒಳಗಿರುವವರು ಏನು ಓದಿದ್ದಾರೆಂದು ಕೇಳಲು ನಮ್ಮ ಜನ ಸಂಕೋಚಪಡಬಾರದು.

ಹೋದ ತಿಂಗಳು ಆ ಹುಡುಗಿಯನ್ನು ಮಾತನಾಡಿಸಲು ಹೋಗಿದ್ದೆ. ಅರಕಲಗೂಡು ಕಡೆಯ ಅಜ್ಜಿಯೊಬ್ಬರು ಮಂಚದಿಂದ ಇಳಿಯುತ್ತಿದ್ದರು. ಸೆರಗು ಸರಿಮಾಡಿಕೊಳ್ಳುತ್ತಾ, "ಮೂಳೆ ಕೂತ್ಕಂತೇನವ್ವಾ?" ಎಂದು ಕೇಳಿದರು.

"ಅದು ಎದ್ದೇ ಇರಲಿಲ್ಲ ಅಜ್ಜಿ" ಎಂದಳು ಅವಳು.

ಅಜ್ಜಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. "ಅಂಗಾದ್ರೆ ನಾಳೀಕೆ ಆಲೂಗಡ್ಡೆ ಆಯೋಕೆ ಹೋಗ್ಲಾ?"

"ಹೋಗಿ. ಗಂಟೆಗೊಂದು ಸಲ ಎದ್ದು ಬದುವಿನ ತನಕ ನಡೆದು ಬನ್ನಿ."