ಒಂದೇ 586, ನಡುವೆ ಕೊರಿಯರ್ ಯಾಕ್ರೀ?

ಸಿಂದಗಿಯವ ಇಂಡಿಯವನಿಗೆ ಒಂದು ಸಾಮಾನು ಮಾರಿದರೆ ಅದು ಹುಬ್ಬಳ್ಳಿ ನೋಡಿಕೊಂಡು ಬರಬೇಕೇ? ಆನ್‌ಲೈನ್ ಹರಾಜಿನ ಹುಚ್ಚು ಹಿಡಿದ ಗೆಳೆಯರೆಲ್ಲ ಮೊದಲು ಇದಕ್ಕೆ ಉತ್ತರ ಹೇಳಿ, ಆಮೇಲೆ ಮುಂದೆ ಓದಿ. ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ. ಕೊಂಡವನು ಒಂದು ಬಸ್ಸಿನ ದೂರದಲ್ಲಿದ್ದರೆ ಮಾರಿದವನು ಕೈಯಾರೆ ಕೊಟ್ಟು ಬರಬೇಕು. ಹರಾಜು ನಡೆಸುವ ಸೈಟು ಅದನ್ನು ಪೂರ್ತಿ ಡೆಲಿವರಿ ಅಂತ ಒಪ್ಪಬೇಕು. ಅಷ್ಟೇ.

ಪಿನ್ ಕೋಡ್ ನೋಡಿ. ಇಂಡಿ 586209, ಸಿಂದಗಿ 586128, ಮುದ್ದೇಬಿಹಾಳ 586212, ಬಸವನ ಬಾಗೇವಾಡಿ 586203. ಅಂಚೆ ಇಲಾಖೆ 1972ರಲ್ಲಿ ಈ ಆರಂಕಿ ತಂದಾಗ, ಕಾಗದ ಯಾವ ಜಿಲ್ಲೆಯ ಚೀಲಕ್ಕೆ ಬೀಳಬೇಕು ಅನ್ನುವುದನ್ನು ಮೊದಲ ಮೂರಂಕಿಯಲ್ಲೇ ಹೇಳಿಬಿಟ್ಟಿತ್ತು. ಮಾರುವವನ ಮತ್ತು ಕೊಳ್ಳುವವನ ಮೊದಲ ಮೂರಂಕಿ ಒಂದೇ ಇದ್ದರೆ "ಕೈಯಿಂದ ಕೈಗೆ" ಅನ್ನೋ ಒಂದು ಬಟನ್ ತೋರಿಸು. ಇದಕ್ಕೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಬೇಡ ಸ್ವಾಮೀ, ಒಂದು 'ಇಫ್' ಸಾಕು. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಹುಡುಗ ಬರೆಯುತ್ತಾನೆ :)

ಹೋದ ವರ್ಷ ಸಿಂದಗಿಯ ಮನೆಯಲ್ಲಿದ್ದ ಹಳೇ ಟೇಪ್ ರೆಕಾರ್ಡರ್ ಹರಾಜಿಗೆ ಹಾಕಿದ್ದೆ. ಗೆದ್ದವರು ಇಂಡಿಯವರು. "ರವಿವಾರ ನಿಮ್ಮ ಬಸ್ ಸ್ಟ್ಯಾಂಡಿಗೇ ತಂದ್ ಕೊಡ್ಲೇನ್ರಿ?" ಅಂತ ನಂಬರ್ ಸಮೇತ ಬರೆದೆ. ಸೈಟಿನ ತಂತ್ರಾಂಶ ನನ್ನ ನಂಬರನ್ನು ನಕ್ಷತ್ರ ಮಾಡಿ ಕಳಿಸಿತು! ಕೊರಿಯರ್‌ಗೆ ಕೊಡುವುದೇ ಗತಿಯಾಯಿತು. ಪಾರ್ಸಲ್ ಸಿಂದಗಿಯಿಂದ ವಿಜಯಪುರ, ಅಲ್ಲಿಂದ ಹುಬ್ಬಳ್ಳಿ, ತಿರುಗಿ ವಿಜಯಪುರ, ಕೊನೆಗೆ ಇಂಡಿ. ಆರು ದಿನ. ಕ್ಯಾಸೆಟ್ ಹಾಕುವ ಮುಚ್ಚಳ ಮುರಿದಿತ್ತು. ಮುಂದಿನ ಸಲ ಮುದ್ದೇಬಿಹಾಳದವರೊಬ್ಬರು ಪುಸ್ತಕದ ಗಂಟು ಕೊಂಡರು. ವಿಳಾಸ ಸಿಕ್ಕಿತ್ತು, ಬಸ್ ಹತ್ತಿ ಕೊಟ್ಟೇ ಬಂದೆ. ಅವರು "ಮುಟ್ಟಿತು" ಅಂತ ಸೈಟಿನಲ್ಲಿ ಬರೆದರು ಕೂಡ. ಆದರೂ ಸೈಟಿನವರು ಮೂರು ವಾರ ದುಡ್ಡು ಬಿಡಲಿಲ್ಲ. ಟ್ರ್ಯಾಕಿಂಗ್ ನಂಬರ್ ಎಲ್ಲಿ ಅಂತ ಅವರ ಪ್ರಶ್ನೆ. ಕೊಂಡವನ ಮಾತಿಗಿಂತ ಬಾರ್‌ಕೋಡಿನ ಮಾತು ದೊಡ್ಡದು.

"ಇದೆಲ್ಲ ನಿಮ್ಮ ರಕ್ಷಣೆಗೆ" ಅನ್ನುತ್ತಾರೆ. ಅರ್ಧ ನಿಜ, ಒಪ್ಪುತ್ತೇನೆ. ನಮ್ಮಲ್ಲಿ ಆನ್‌ಲೈನ್ ಹರಾಜಿನ ಮೊದಮೊದಲ ದಿನಗಳಲ್ಲಿ ಬಾಜೀ ಡಾಟ್ ಕಾಮ್ ಇತ್ತು. 2004ರಲ್ಲಿ ಅದನ್ನು ಈಬೇ ಕೊಂಡಿತು. ಅಲ್ಲಿ ಪೈಸಾಪೇ ಅಂತ ಒಂದು ವ್ಯವಸ್ಥೆ ಇತ್ತು. ಕೊಂಡವನ ದುಡ್ಡು ನಡುವೆ ನಿಲ್ಲುತ್ತಿತ್ತು, ಮಾಲು ಹೋದ ಮೇಲೆ ಮಾರಿದವನಿಗೆ ಸೇರುತ್ತಿತ್ತು. ಕಾಣದವನನ್ನು ನಂಬುವುದಕ್ಕೆ ಅದು ಬೇಕಿತ್ತು. ಈಬೇ ಇಂಡಿಯಾ 2018ರಲ್ಲಿ ಮುಚ್ಚಿತು. ಆದರೆ "ಮಾರುವವ, ಕೊಳ್ಳುವವ ಒಬ್ಬರನ್ನೊಬ್ಬರು ಕಾಣಲೇಬಾರದು" ಅನ್ನೋ ಬುದ್ಧಿ ಉಳಿದುಕೊಂಡಿತು. ಕಾರಣ ರಕ್ಷಣೆ ಒಂದೇ ಅಲ್ಲ. ನಾವಿಬ್ಬರೂ ಒಮ್ಮೆ ಚಹಾ ಕುಡಿದರೆ ಮುಂದಿನ ವ್ಯಾಪಾರ ನೇರ ಆಗುತ್ತದೆ, ಅವರ ಕಮಿಷನ್ ಹೋಗುತ್ತದೆ. ಆ ಭಯಕ್ಕೆ ರಕ್ಷಣೆ ಅನ್ನೋ ಅಂಗಿ ತೊಡಿಸಿದ್ದಾರೆ.

ಪುರಾವೆ ಬೇಕಾ? ಅದಕ್ಕೂ ದಾರಿ ಇದೆ. ಹೊರದೇಶದ ಈಬೇಯಲ್ಲೇ ಲೋಕಲ್ ಪಿಕಪ್ ಇದೆ. ಕೊಂಡವನ ಹತ್ತಿರ ಆರಂಕಿಯ ಒಂದು ಕೋಡ್ ಇರುತ್ತದೆ, ವಸ್ತು ನೋಡಿ ತೃಪ್ತಿಯಾದ ಮೇಲೆ ಅದನ್ನು ಮಾರಿದವನಿಗೆ ಕೊಡುತ್ತಾನೆ. ಮುಗಿಯಿತು. ಊಟ ತರುವ ಹುಡುಗನಿಗೆ, ಆಟೋದವನಿಗೆ ದಿನಾ ಓಟಿಪಿ ಹೇಳುವ ದೇಶದಲ್ಲಿ ಇದು ಕಷ್ಟವೇ?

ಕಾನೂನೂ ನಮ್ಮ ಕಡೆಗೇ ಇದೆ. 1930ರ ಸರಕು ಮಾರಾಟ ಕಾಯ್ದೆಯ 33ನೇ ಕಲಂ ಪ್ರಕಾರ, ಯಾವುದನ್ನು ಡೆಲಿವರಿ ಅನ್ನಬೇಕೆಂದು ಇಬ್ಬರೂ ಒಪ್ಪುತ್ತಾರೋ ಅದೇ ಡೆಲಿವರಿ. 41ನೇ ಕಲಂ ಕೊಂಡವನಿಗೆ ಮಾಲು ಪರೀಕ್ಷಿಸುವ ಹಕ್ಕು ಕೊಡುತ್ತದೆ. ಟೇಪ್ ಹಚ್ಚಿದ ಡಬ್ಬಿ ಬಾಗಿಲಲ್ಲಿ ಇಟ್ಟು ಓಡುವ ಕೊರಿಯರ್ ಹುಡುಗನ ಮುಂದೆ ಆ ಹಕ್ಕು ಎಲ್ಲಿ ಉಳಿಯಿತು? ಎದುರಿಗೆ ಪ್ಲಗ್ ಹಾಕಿ, ಕ್ಯಾಸೆಟ್ ಓಡಿಸಿ ತೋರಿಸುವ ನನ್ನಂಥವನ ಮುಂದೆ ಮಾತ್ರ ಅದಕ್ಕೆ ಬೆಲೆ.

"ಆನ್‌ಲೈನ್ ಅಂದಮೇಲೆ ಎಲ್ಲಾ ಆನ್‌ಲೈನೇ" ಅನ್ನುವವರು ವಿಜಯಪುರದ ಎಪಿಎಂಸಿಗೆ ಹೋಗಿ ಒಣದ್ರಾಕ್ಷಿಯ ಹರಾಜು ನೋಡಲಿ. 2014ರಿಂದ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಬಿಡ್ ಬಂದಿದೆ. ಬಿಡ್ ಕಂಪ್ಯೂಟರಿನಲ್ಲಿ, ಮಾಲು ಕಣ್ಣೆದುರಿಗೆ. ವ್ಯಾಪಾರಿ ಬಾಯಿಗೆ ಹಾಕಿಕೊಂಡು ನೋಡಿಯೇ ರೇಟು ಒತ್ತುತ್ತಾನೆ. ರೈತರಿಗೂ ದಲಾಲರಿಗೂ ತಿಳಿದದ್ದು ನಮ್ಮ ಸೈಟಿನ ಪಂಡಿತರಿಗೆ ತಿಳಿಯದೇ?

ಇನ್ನು ಭಯದ ಮಾತು. ಅಪರಿಚಿತರನ್ನು ಕಾಣುವುದು ಎಲ್ಲರಿಗೂ ಸುಲಭವಲ್ಲ, ಹೆಣ್ಣುಮಕ್ಕಳಿಗಂತೂ ಅಲ್ಲವೇ ಅಲ್ಲ. ಆದ್ದರಿಂದಲೇ ಇದು ಇಬ್ಬರೂ ಒಪ್ಪಿದರೆ ಮಾತ್ರ. ಮನೆ ಬೇಡ, ಹಗಲು ಹೊತ್ತಿನ ಬಸ್ ಸ್ಟ್ಯಾಂಡ್ ಇರಲಿ, ಜೊತೆಗೆ ಒಬ್ಬರು ಬರಲಿ. ಆದರೆ ಮೋಸ ಹೆಚ್ಚು ನಡೆಯುತ್ತಿರುವುದು ಎಲ್ಲಿ? ಮುಖ ಕಾಣದ ಕಡೆ. "ನಾನು ಮಿಲಿಟರಿಯವನು, ಕ್ಯೂಆರ್ ಕಳಿಸಿದ್ದೇನೆ, ಪಿನ್ ಒತ್ತಿದರೆ ದುಡ್ಡು ನಿಮಗೆ ಬರುತ್ತೆ" ಅನ್ನೋ ನಾಟಕಕ್ಕೆ ಎಷ್ಟು ಜನ ಬಲಿಯಾದರು! ಯುಪಿಐನಲ್ಲಿ ಪಿನ್ ಒತ್ತುವುದು ದುಡ್ಡು ಕೊಡಲಿಕ್ಕೆ, ತಗೊಳ್ಳಲಿಕ್ಕಲ್ಲ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಎದುರಾಬದುರು ನಿಂತು ವಸ್ತು ನೋಡಿ ದುಡ್ಡು ಕೊಟ್ಟರೆ ಈ ನಾಟಕದವನಿಗೆ ಸ್ಟೇಜೇ ಇಲ್ಲ.

ಹೋಗಲು ಪುರುಸೊತ್ತಿಲ್ಲವೇ? 2021ರಲ್ಲಿ ನಮ್ಮ ಸಾರಿಗೆ ನಿಗಮಗಳು ನಮ್ಮ ಕಾರ್ಗೋ ಶುರು ಮಾಡಿವೆ, ಬಸ್ಸಿನಲ್ಲಿ ಕಳಿಸಿ. ಅಥವಾ ಊರಿಗೆ ಹೋಗುವ ದಿನ ನೋಡಿ ಹರಾಜು ಮುಗಿಸಿ. ನಾನೀಗ ಶನಿವಾರ ರಾತ್ರಿ ಮುಗಿಯುವ ಹಾಗೇ ಹಾಕುವುದು.

ಮಾರುವ ಗೆಳೆಯರಿಗೂ ಒಂದು ಮಾತು. ಬರೀ ಸೈಟುಗಳನ್ನು ಬೈದರೆ ಸಾಲದು. ಪಕ್ಕದ ಓಣಿಯವನು ಗೆದ್ದರೂ "ಶಿಪ್ಪಿಂಗ್ 120" ಅಂತ ಕತ್ತರಿಸುವವರು ನಮ್ಮಲ್ಲೇ ಇದ್ದಾರೆ. 200 ರೂಪಾಯಿಯ ಪುಸ್ತಕಕ್ಕೆ 120 ಸಾಗಣೆ ಅಂದರೆ ಓದುವ ಹುಡುಗ ಬಿಡ್ ಮಾಡುವುದನ್ನೇ ಬಿಡುತ್ತಾನೆ. ಸಣ್ಣ ಊರಿನವರು ಆನ್‌ಲೈನ್ ಹರಾಜಿಗೆ ಬರುವುದಿಲ್ಲ ಅಂತ ಆಮೇಲೆ ಗೊಣಗುವುದು ಯಾಕೆ?

ನಿಮ್ಮ ಮುಂದಿನ ಹರಾಜಿನ ವಿವರದಲ್ಲಿ ಒಂದೇ ಒಂದು ಸಾಲು ಸೇರಿಸಿ: "ಜಿಲ್ಲೆಯೊಳಗಾದರೆ ಕೈಯಾರೆ ಕೊಡುತ್ತೇನೆ, ಸಾಗಣೆ ಖರ್ಚಿಲ್ಲ." ಸೈಟು ಅದನ್ನು ಅಳಿಸಿದರೆ ಯಾಕೆ ಅಳಿಸಿದಿರಿ ಅಂತ ಕೇಳಿ. ಹತ್ತು ಜನ ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಸಾವಿರ ಜನ ಕೇಳಿದರೆ ಆ ಬಟನ್ ಬರುತ್ತದೆ.

ನೀವೇನಂತೀರಿ?