ಗಣಕಯಂತ್ರದ ಪಾಠಗಳೂ ನಮ್ಮ ಸ್ವಾಧೀನತೆಯೂ

೨೦೨೦ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದಾಗ, ನಮ್ಮ ಹೆಣ್ಣುಮಕ್ಕಳು ಚಂದನ ವಾಹಿನಿಯ ‘ಸಂವೇದ’ ಪಾಠಗಳ ಮುಂದೆ ಕುಳಿತುದನ್ನು ತಾಯಿತಂದೆಗಳಾದ ತಾವು ಮರೆತಿರಲಾರಿರಿ. ಯಂತ್ರದ ಮೂಲಕ ಪಾಠ ಕಲಿಯುವುದು ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಊರುಗಳಿಗೂ ಈಗ ಹೊಸತಲ್ಲ. ಆದರೆ ಆ ಪಾಠಗಳನ್ನು ಕಟ್ಟತಕ್ಕವರು ಯಾರು, ಕಟ್ಟಿದ ಬಳಿಕ ಅವು ಯಾರ ಸ್ವತ್ತು ಎಂಬುದನ್ನು ನಾವು ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ.

ನಮ್ಮ ಅನುಭವವೊಂದನ್ನು ಹೇಳುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಬಳಗದವರು ವರ್ಷವರ್ಷವೂ ಹಣ ತೆರಬೇಕಾದ ತಂತ್ರಾಂಶವೊಂದರಲ್ಲಿ, ನಂಜನಗೂಡಿನ ಕಪಿಲೆಯ ಮೇಲಣ ಹಳೆಯ ಸೇತುವೆಯನ್ನು ಕುರಿತು ಪಾಠವೊಂದನ್ನು ರಚಿಸಿದರು. ಚಿತ್ರಗಳೂ ಪ್ರಶ್ನೆಗಳೂ ಸೊಗಸಾಗಿದ್ದವು. ಮರುವರ್ಷ ಹಣ ಕಟ್ಟಲಾಗಲಿಲ್ಲ. ಒಂದು ತಪ್ಪಕ್ಷರವನ್ನು ತಿದ್ದಹೋದಾಗ ಪಾಠದ ಕಡತವು ತೆರೆಯದೆ ಹೋಯಿತು. ೧೭೩೫ರಲ್ಲಿ ದಳವಾಯಿ ದೇವರಾಜನು ಕಟ್ಟಿಸಿದ ಸೇತುವೆಯು ಇನ್ನೂ ನಿಂತಿದೆ. ಅದನ್ನು ಕುರಿತ ಪಾಠವು ಎರಡು ವರ್ಷವೂ ಬಾಳಲಿಲ್ಲ!

ಇದಕ್ಕೆ ಪರಿಹಾರವುಂಟು. ಚಿತ್ರದ ಗುಂಡಿಗಳನ್ನು ಒತ್ತುವುದಕ್ಕೆ ಬದಲಾಗಿ, ಕಪ್ಪು ತೆರೆಯ ಮೇಲೆ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಯಂತ್ರದಿಂದ ಕೆಲಸ ಮಾಡಿಸುವ ‘ಕಮಾಂಡ್ ಲೈನ್’ ಪದ್ಧತಿಯೇ ಅದು. ಬಿಡಿಭಾಗಗಳಿಂದ ಪೂರ್ಣ ವಸ್ತುವನ್ನು ಹೀಗೆ ಕಟ್ಟಿಕೊಡುವ ‘ಮೇಕ್’ ಎಂಬ ಸಾಧನವನ್ನು ೧೯೭೬ರಲ್ಲಿಯೇ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ರಚಿಸಿದರು. ಪಾಠಗಳಿಗೆಂದೇ ಇರುವ ‘ಅಡಾಪ್ಟ್’ ಎಂಬ ಸಾಧನವು ೨೦೧೩ರಿಂದ ಬೆಲೆಯಿಲ್ಲದೆ ದೊರೆಯುತ್ತಲಿದೆ. ಅದರ ಒಳಗನ್ನು ತೆರೆದು ತಿದ್ದಿಕೊಳ್ಳುವುದಕ್ಕೂ ಎಲ್ಲರಿಗೆ ಹಕ್ಕುಂಟು. ಇದರಲ್ಲಿ ಪಾಠವು ಪುಟ, ಪ್ರಕರಣ, ಖಂಡ, ಘಟಕ ಎಂದು ವಿಭಾಗವಾಗಿ, ಸಾಮಾನ್ಯ ಅಕ್ಷರಕಡತಗಳಲ್ಲಿ ಇರುವುದು. ‘ಗ್ರಂಟ್ ಬಿಲ್ಡ್’ ಎಂಬೆರಡು ಮಾತುಗಳನ್ನು ಬರೆದರೆ, ಕಡತಗಳೆಲ್ಲವೂ ಕೂಡಿ ಮೊಬೈಲಿನಲ್ಲಿಯೂ ಓದಬಹುದಾದ ಪಾಠವಾಗುವುವು. ತಪ್ಪು ಕಂಡರೆ ಒಂದು ಸಾಲನ್ನು ತಿದ್ದಿ ಮತ್ತೆ ಆಜ್ಞಾಪಿಸಿದರಾಯಿತು. ಸಾಧನವೇ ನಾಳೆ ಇಲ್ಲವಾದರೂ ನಾವು ಬರೆದ ಮಾತುಗಳು ನಮ್ಮಲ್ಲಿಯೇ ಉಳಿಯುವುವು.

ಕನ್ನಡಕ್ಕೆ ಇದರಿಂದಾಗುವ ಉಪಕಾರವು ವಿಶೇಷವಾದುದು. ಇಂಗ್ಲಿಷಿನ ಪಾಠವೊಂದರ ಮಾತುಗಳನ್ನೆಲ್ಲ ಒಂದೇ ಆಜ್ಞೆಯಿಂದ ಕೋಷ್ಟಕವಾಗಿ ಹೊರತೆಗೆಯಬಹುದು. ಉಪಾಧ್ಯಾಯಿನಿಯು ಸಾಲುಸಾಲಾಗಿ ಕನ್ನಡವನ್ನು ತುಂಬಿದ ಮೇಲೆ ಮತ್ತೊಂದು ಆಜ್ಞೆಯಿಂದ ಒಳಸೇರಿಸಿದರೆ, ಅದೇ ಪಾಠವು ಕನ್ನಡದಲ್ಲಿ ಸಿದ್ಧವಾಗುವುದು. ಕೋಷ್ಟಕವನ್ನು ಮಾತ್ರ ಯೂನಿಕೋಡ್ ಲಿಪಿಯಲ್ಲಿಯೇ ಬರೆದಿಡಬೇಕು. ಹಳೆಯ ಅಚ್ಚಿನ ಫಾಂಟುಗಳಲ್ಲಿ ಬೆರಳಚ್ಚಿಸಿದ ಕನ್ನಡವು ಇಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದು.

ಇದಕ್ಕೆ ಆಕ್ಷೇಪಗಳಿಲ್ಲವೆಂದು ನಾವು ಹೇಳೆವು. ಆಜ್ಞೆಗಳು ಇಂಗ್ಲಿಷಿನಲ್ಲಿವೆ. ಒಂದು ಅಲ್ಪವಿರಾಮ ಬಿಟ್ಟುಹೋದರೆ ಇಡೀ ಪಾಠವು ಕಟ್ಟದೆ ನಿಲ್ಲುವುದು. ದಿನವಿಡೀ ತರಗತಿಗಳಲ್ಲಿ ದಣಿದ ಉಪಾಧ್ಯಾಯಿನಿಯರ ತಲೆಯ ಮೇಲೆ ಈ ಹೊರೆಯನ್ನೂ ಹೊರಿಸುವುದು ಅನ್ಯಾಯವೇ ಸರಿ. ಎಲ್ಲರೂ ಎಲ್ಲವನ್ನೂ ಕಲಿಯಬೇಕೆಂಬುದು ನಮ್ಮ ಮತವಲ್ಲ. ಅಡಿಗೆ ಮಾಡುವವರೂ ಒಲೆ ಹೂಡುವವರೂ ಒಬ್ಬರೇ ಆಗಬೇಕೆಂಬ ನಿಯಮವಿಲ್ಲವಷ್ಟೆ. ಪಾಠದ ಮಾತನ್ನು ಉಪಾಧ್ಯಾಯಿನಿಯು ಬರೆಯಲಿ; ಅದನ್ನು ಕಟ್ಟುವ ಕೆಲಸವನ್ನು ಬಲ್ಲವರು ವಹಿಸಿಕೊಳ್ಳಲಿ.

ಆ ಬಲ್ಲವರು ದೂರದಲ್ಲಿಲ್ಲ. ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿಯೇ ಎಷ್ಟೋ ಮಂದಿ ಮೈಸೂರು ಬೆಂಗಳೂರುಗಳ ಕಂಪೆನಿಗಳಲ್ಲಿ ದಿನವೂ ಇಂಥ ಆಜ್ಞೆಗಳನ್ನು ಬರೆಯುತ್ತಿರುವಿರಿ. ಶಾಲೆಗೆ ಹಣದ ಕಾಣಿಕೆಯನ್ನು ಕೊಡುವಂತೆ, ತಿಂಗಳಿಗೆ ಒಂದು ಶನಿವಾರವನ್ನೂ ಕೊಡಬಾರದೇಕೆ? ಮೊದಲು ಒಂದೇ ಪಾಠ ಸಾಕು. ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುವ ಸಂಗಮವಿದೆ. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳರ ಕೇಶವ ದೇವಾಲಯವಿದೆ. ಇವನ್ನು ಕುರಿತು ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲಿ ಹೇಳುವುದಕ್ಕೆ ಹೊರಗಿನವರ ಅಪ್ಪಣೆಯನ್ನು ಕಾಯಬೇಕೆ?

ತಾಯಂದಿರಲ್ಲಿಯೂ ತಂದೆಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಮಗಳು ಕಪ್ಪು ತೆರೆಯ ಮುಂದೆ ಕುಳಿತು ಅಕ್ಷರಗಳನ್ನು ಒತ್ತುತ್ತಿರುವುದನ್ನು ಕಂಡರೆ, ಅದು ಗಂಡುಮಕ್ಕಳ ಕೆಲಸವೆಂದು ತಡೆಯಬೇಡಿರಿ. ಹೆಣ್ಣುಮಗಳು ಓದುಬರಹ ಕಲಿಯಬೇಕೆಂದು ಹಿಂದೊಮ್ಮೆ ಮನೆಮನೆಗೆ ಹೋಗಿ ಹೇಳಬೇಕಾಗಿತ್ತು. ಯಂತ್ರಕ್ಕೆ ಆಜ್ಞೆ ಬರೆಯುವುದೂ ಒಂದು ಬರಹವೇ. ಅದನ್ನು ಕಲಿತವಳು ಇತರರು ಕಟ್ಟಿದ ಪಾಠವನ್ನು ಓದುವುದಷ್ಟರಲ್ಲಿಯೇ ನಿಲ್ಲದೆ, ತನ್ನ ತಂಗಿಯರಿಗಾಗಿ ಪಾಠವನ್ನು ತಾನೇ ಕಟ್ಟುವಳು.