ಆ ತೀರ ನಿರ್ಜನವಲ್ಲ

ನಾವು ನಾಲ್ವರು ನಿವೃತ್ತ ಶಿಕ್ಷಕರು ಬೆನ್ನಿಗೆ ಚೀಲ ಹೊತ್ತು ಕುಮಟಾದಿಂದ ಗೋಕರ್ಣದವರೆಗೆ ಕಡಲಂಚಿನಲ್ಲಿ ಮೂರು ದಿನ ನಡೆದುದನ್ನು ಹಿಂದೊಮ್ಮೆ ಬರೆದಿದ್ದೆ. ಅದನ್ನೋದಿದ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಆ ನಿರ್ಜನ ತೀರದಲ್ಲಿ ನಾವು ಗೆಳೆಯರೂ ನಡೆದು ಬಂದೆವು" ಎಂದು ತಿಳಿಸಿದ್ದಾನೆ. ಸಂತೋಷ. ಆದರೆ 'ನಿರ್ಜನ' ಎಂಬ ಮಾತಿಗೆ ನನ್ನ ತಕರಾರಿದೆ.

ಅಘನಾಶಿನಿ ಊರಿನಿಂದ ತದಡಿಗೆ ನಿಮ್ಮನ್ನು ದಾಟಿಸಿದ ದೋಣಿ ತಾನಾಗಿ ತೇಲಿತೇ? 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಆರಿಸುತ್ತಾರೆ. ಅದೇ ಅವರ ಅನ್ನ. ದಾರಿಯುದ್ದಕ್ಕೂ ಬಂಡೆಗಳ ಸಂದಿಯಲ್ಲಿ ನಾವು ಕಂಡ ಒಡೆದ ಬಾಟಲಿಗಳು ಇಂಥವರ ಬರಿಗಾಲಿಗೇ ಕಾದಿರುತ್ತವೆ. ಇನ್ನೊಬ್ಬರ ಅಂಗಳವೆಂದು ತಿಳಿದವನು ಅಲ್ಲಿ ಗಾಜು ಒಡೆಯಲಾರ. ನಿರ್ಜನವೆಂದು ನಂಬಿದವನಿಗೆ ಯಾವ ಅಳುಕು?

ನಾನೇನೂ ಸಾಚಾ ಅಲ್ಲ. ಮೊದಲ ರಾತ್ರಿ ಮರಳಿಗೆ ಎಳೆದಿಟ್ಟ ದೋಣಿಯ ಮರೆಯಲ್ಲಿ ನಾವೂ ಬೆಂಕಿ ಹಾಕಿದ್ದೆವು. ಕತ್ತಲಿನಿಂದ ಬಂದ ಮುದುಕರೊಬ್ಬರು, "ಬಲೆ ಒಣಗ್ತಾ ಇದೆ, ಕಿಡಿ ಹಾರೀತು ಮಾರಾಯ್ರೆ" ಎಂದರು. ತಲೆ ತಗ್ಗಿಸಿ ಆರಿಸಿದೆವು. ಹಿಂದಿನ ಬರಹದಲ್ಲಿ ನಕ್ಷತ್ರಗಳನ್ನು ವರ್ಣಿಸಿದ್ದೆ, ಇದನ್ನು ಬಿಟ್ಟಿದ್ದೆ.